ಹಳದಿ ಗೆರೆಯಾಚೆಗೆ ಓಡಿದ ಝೆಲಿ

ನಮ್ಮನ್ನು ಪೀಡೆಗಳು ಅನ್ನುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಹೌದಪ್ಪ, ಪೀಡೆಗಳೇ. ನಮ್ಮ ದ್ವೀಪದ ರೋಸೋ ಪೇಟೆಯ ಕಡಲದಂಡೆಗೆ ಪ್ರವಾಸಿಗರ ಹಡಗು ಬಂದು ನಿಂತು, ಜನ ಇಳಿದು ಗೇಟು ದಾಟುವುದೇ ತಡ, ನಾವು ಮುತ್ತಿಕೊಳ್ಳುತ್ತೇವೆ. ಒಬ್ಬ ಟ್ಯಾಕ್ಸಿ ಬೇಕಾ ಅನ್ನುತ್ತಾನೆ, ಒಬ್ಬಳು ಮೂಗಿನ ಹತ್ತಿರ ಸಾಬೂನು ಹಿಡಿಯುತ್ತಾಳೆ, ನಾನು ಗೊಂಬೆ ಹಿಡಿಯುತ್ತೇನೆ. ಹಡಗು ಬೆಳಿಗ್ಗೆ ಬಂದು ಸಂಜೆ ಹೋಗಿಬಿಡುತ್ತದೆ. ಬಿರುಗಾಳಿಯ ತಿಂಗಳುಗಳಲ್ಲಿ ಅದೂ ಅಪರೂಪ. ಮರ್ಯಾದೆಯಾಗಿ ಮೂಲೆಯಲ್ಲಿ ಕೂತಿದ್ದರೆ ಮನೆಯ ಒಲೆ ಯಾರು ಹಚ್ಚುತ್ತಾರೆ?

ಆದರೆ ಒಂದು ಮಾತು. ನಾವು ಎಂಥ ಪೀಡೆಗಳಾದರೂ ಮೊದಲು ಗುಡ್ ಮಾರ್ನಿಂಗ್ ಹೇಳುತ್ತೇವೆ. ಅದನ್ನು ಹೇಳದೆ ನಮ್ಮೂರಲ್ಲಿ ಬಸ್ಸು ಹತ್ತುವ ಹಾಗಿಲ್ಲ, ಅಂಗಡಿಗೆ ಕಾಲಿಡುವ ಹಾಗಿಲ್ಲ. ಹೇಳದವನು ಮನುಷ್ಯರ ಮನೆಯಲ್ಲಿ ಬೆಳೆದವನಲ್ಲ ಅಂತ ಲೆಕ್ಕ. ಹಡಗಿನವರಿಗೆ ನಾವು ಗುಡ್ ಮಾರ್ನಿಂಗ್ ಅಂದರೆ ಅವರು ಮುಖ ಕೂಡ ನೋಡದೆ 'ಬೇಡ, ಥ್ಯಾಂಕ್ಸ್' ಅಂದು ಸರಸರ ಹೋಗುತ್ತಾರೆ. ಅಯ್ಯೋ ನಿಮ್ಮ! ನಾನಿನ್ನೂ ಏನನ್ನೂ ಮಾರುವುದಕ್ಕೆ ಶುರುಮಾಡಿಲ್ಲ, ಬೆಳಗನ್ನೇ ಬೇಡ ಅಂದುಬಿಟ್ಟರೆ ಹೇಗೆ?

ಇಂಥ ಪೀಡೆಗಳಲ್ಲೆಲ್ಲ ದೊಡ್ಡ ಪೀಡೆ ನನ್ನ ಪಕ್ಕದ ಝೆಲಿ. ನನ್ನ ಹೆಸರು ಟಿಟಿನ್; ಸೋರೆಬುರುಡೆಯ ಬಟ್ಟಲು, ಬಟ್ಟೆಯ ಗೊಂಬೆ ಮಾರುವವಳು. ಝೆಲಿ ಜಡೆ ಹೆಣೆಯುವವಳು. ಇಬ್ಬರೂ ಈ ದಂಡೆಯಲ್ಲಿ ಮುದುಕಿಯರಾಗಿದ್ದೇವೆ. ಅವಳು ನನ್ನನ್ನು ಬಾಯಿಬಡುಕಿ ಅನ್ನುತ್ತಾಳೆ. ಅವಳ ಬಾಯಿಯ ಮುಂದೆ ನನ್ನದು ಬಾಯಿಯೇ ಅಲ್ಲ.

ಝೆಲಿ ಹುಟ್ಟಿದ್ದು ದಕ್ಷಿಣದ ಮೀನುಗಾರರ ಹಳ್ಳಿಯಲ್ಲಿ. ಅವಳಮ್ಮ ಹಳ್ಳಿಯ ಹೆಣ್ಣುಮಕ್ಕಳಿಗೆಲ್ಲ ಶನಿವಾರ ಸಂಜೆ ಜಡೆ ಹಾಕುತ್ತಿದ್ದಳಂತೆ, ಭಾನುವಾರ ಚರ್ಚಿಗೆ ಹೋಗುವಾಗ ಒಂದು ತಲೆಯೂ ಕೆದರಿರಬಾರದು ಅಂತ. ಝೆಲಿಗೆ ಆ ಕೈ ಬಂತು. ಮದುವೆಯಾದದ್ದು ಓಸ್ಬರ್ಟನನ್ನು. ಅವನಿಗೆ ಒಂದು ದೋಣಿಯಿತ್ತು, ಕಡು ನೀಲಿ ಬಣ್ಣದ್ದು. ದೊಡ್ಡ ಚಂಡಮಾರುತ ಬಂದು ಊರಿನ ತಗಡಿನ ಮಾಡುಗಳನ್ನೆಲ್ಲ ಹಾರಿಸಿಕೊಂಡು ಹೋದ ರಾತ್ರಿ ಆ ದೋಣಿಯನ್ನೂ ಎತ್ತಿ ಒಂದು ತೆಂಗಿನಮರಕ್ಕೆ ಬಡಿಯಿತು. ಓಸ್ಬರ್ಟ್ ಚೂರುಗಳನ್ನು ಮನೆಗೆ ಹೊತ್ತು ತಂದ. ಮೊಳೆ ಹೊಡೆದು ಹೆಂಡತಿಗೆ ಒಂದು ಬೆಂಚು ಮಾಡಿಕೊಟ್ಟ. ಆಮೇಲೆ ಸಮುದ್ರಕ್ಕೆ ಇಳಿಯಲೇ ಇಲ್ಲ. ಮೊಣಕಾಲೂ ಕೈಕೊಟ್ಟಿತು. ಈಗ ಬಾಗಿಲಲ್ಲಿ ಕೂತು ಡೊಮಿನೊ ಆಡುತ್ತಾನೆ, ಸೋತಾಗ ಕಾಯಿಗಳನ್ನು ಬೈಯುತ್ತಾನೆ.

"ನನ್ ಗಂಡ ಈಗ್ಲೂ ದುಡೀತಾನೆ ಕಣೇ," ಅನ್ನುತ್ತಿದ್ದಳು ಝೆಲಿ, ಬೆಂಚನ್ನು ತಟ್ಟಿ. "ಅವನ ದೋಣಿ ಇನ್ನೂ ಮನೆಗೆ ಊಟ ತರ್ತಿದೆ ನೋಡು."

ನೀಲಿ ಬಣ್ಣ ಇನ್ನೂ ಅಲ್ಲಲ್ಲಿ ಉಳಿದಿರುವ ಆ ಬೆಂಚು, ಗೇಟಿನ ಎದುರಿನ ಬಾದಾಮಿ ಮರದ ನೆರಳು: ಇಷ್ಟೇ ಅವಳ ಅಂಗಡಿ. ಅದರ ಮೇಲೆ ಎರಡು ಹೊಟ್ಟೆ.

ಗಿರಾಕಿಯನ್ನು ಕೂರಿಸುವ ಅವಳ ರೀತಿಯೇ ಬೇರೆ. ಮೊದಲು ಚಿನ್ನ ಅನ್ನುವ ಹಾಗೆ ದೂದೂ ಅಂತ ಮುದ್ದಿನಿಂದ, "ಗುಡ್ ಮಾರ್ನಿಂಗ್ ದೂದೂ, ಬಾರಮ್ಮ, ನೆರಳಲ್ಲಿ ಕೂತ್ಕೋ." ಅವರು ಬೇಡ ಅಂದರೆ ದನಿ ಬದಲು. "ಈ ಕೂದ್ಲಿಗೆ ಹೇಳೋರು ಕೇಳೋರು ಯಾರೂ ಇಲ್ವಾ? ಇದನ್ನ ಹೊತ್ಕೊಂಡು ಊರೆಲ್ಲಾ ತಿರುಗ್ತೀಯಾ? ನಮ್ಮೂರ ಮಕ್ಕಳು ಹೆದ್ರಿಕೊಳ್ತಾರೆ!" ಅಷ್ಟರಲ್ಲಿ ಅವಳ ಬೆರಳುಗಳು ಆಗಲೇ ಒಂದು ಎಳೆ ಹಿಡಿದಿರುತ್ತವೆ. ಒಮ್ಮೆ ಒಬ್ಬ ಗಂಡಸು ನನ್ನ ಗೊಂಬೆ ನೋಡುತ್ತ ನಿಂತಿದ್ದಾಗ ಝೆಲಿ ಅವನ ಉದ್ದನೆಯ ಗಡ್ಡವನ್ನೇ ಹೆಣೆಯಲು ಶುರುಮಾಡಿದಳು. ಅವನಿಗೆ ಗೊತ್ತಾಗುವ ಹೊತ್ತಿಗೆ ತುದಿಗೆ ಕೆಂಪು ಮಣಿ ಬಿದ್ದಿತ್ತು. ನಾನು ನಕ್ಕು ನಕ್ಕು ಸತ್ತೆ. ಅವನು ಮಾತ್ರ ನಗಲಿಲ್ಲ, ನೇರ ಹೋಗಿ ದೂರು ಕೊಟ್ಟ.

ದೂರು ಹೋದದ್ದು ಲಾವಿಲ್‌ಗೆ. ದಂಡೆಯ ಮೇಲ್ವಿಚಾರಣೆಗೆ ಹೊಸದಾಗಿ ಬಂದಿದ್ದ ಅಧಿಕಾರಿ. ಹೊರದೇಶದಲ್ಲಿ ಓದಿ ಬಂದವನು, ಈ ಬಿಸಿಲಿನಲ್ಲೂ ಟೈ ಕಟ್ಟುತ್ತಾನೆ. ಅವನ ಅಜ್ಜಿ ಇದೇ ಹಳೇ ಸಂತೆಕಟ್ಟೆಯಲ್ಲಿ ಕುಕ್ಕೆಯಿಟ್ಟುಕೊಂಡು ಗೆಣಸು ಮಾರುತ್ತಿದ್ದಳು, ನಮಗೆಲ್ಲ ಗೊತ್ತು. ಅವನೇ ನಮ್ಮ ಮುಂದೆ ನೆಲದುದ್ದಕ್ಕೂ ಹಳದಿ ಗೆರೆ ಎಳೆಸಿದ್ದು.

"ಈ ಗೆರೆ ದಾಟ್ಬಾರ್ದು," ಎಂದ. "ಕೂಗ್ಬಾರ್ದು, ಹಿಂದೆ ಓಡ್ಬಾರ್ದು, ಪ್ರಯಾಣಿಕರ ಮೈ ಮುಟ್ಬಾರ್ದು."

"ಮೈ ಮುಟ್ದೆ ಜಡೆ ಹೆಣೆಯೋದು ಹೆಂಗೆ ಸಾಹೇಬ್ರೆ? ಉಫ್ ಅಂತ ಊದ್ಲಾ?" ಎಂದಳು ಝೆಲಿ.

ಲಾವಿಲ್ ನಗಲಿಲ್ಲ. "ನಾನು ತಮಾಷೆ ಮಾಡ್ತಿಲ್ಲ ಝೆಲಿ. ದಂಡೇಲಿ ಕಾಟ ಜಾಸ್ತಿ ಅಂತ ಹಡಗಿನೋರು ಹೇಳ್ತಿದಾರೆ. ಪಕ್ಕದ ದ್ವೀಪಕ್ಕೆ ಹೋಗ್ತೀವಿ ಅಂದ್ರೆ ಎಲ್ರಿಗೂ ಮಣ್ಣು. ನಿನ್ ಮೇಲೆ ಇನ್ನೊಂದೇ ಒಂದು ದೂರು ಬರ್ಲಿ, ಈ ಬೆಂಚನ್ನ ಎತ್ತಿಸ್ತೀನಿ. ಆಮೇಲೆ ನನ್ನ ಬೈಕೋಬೇಡ."

ಅವನ ಮಾತಿನಲ್ಲೂ ಹುರುಳಿತ್ತು, ಅದನ್ನು ಒಪ್ಪಬೇಕು. ಆದರೂ ನನಗೆ ಮೈಯೆಲ್ಲ ಉರಿಯಿತು. ಝೆಲಿಗೆ ಉರಿಯಲಿಲ್ಲ, ಅದೇ ನನ್ನ ಭಯ. ಆ ದಿನದಿಂದ ಅವಳು ಎರಡು ಕೈಗಳನ್ನೂ ತೊಡೆಯ ಕೆಳಗಿಟ್ಟುಕೊಂಡು ಬೆಂಚಿನ ತುದಿಯಲ್ಲಿ ಕೂರತೊಡಗಿದಳು. ಜನ ಮುಂದೆಯೇ ಹಾದುಹೋದರೂ ಸಣ್ಣ ದನಿಯಲ್ಲಿ ಗುಡ್ ಮಾರ್ನಿಂಗ್, ಅಷ್ಟೇ. ಯಾರಿಗೂ ಕೇಳುತ್ತಿರಲಿಲ್ಲ. ಗಿರಾಕಿ ಇಲ್ಲದ ದಿನಗಳು ಬಂದವು. "ಬೆಂಚು ಹೋದ್ರೆ ಓಸ್ಬರ್ಟ್‌ಗೆ ಏನಂತ ಹೇಳ್ಲಿ ಟಿಟಿನ್?" ಎಂದು ಒಂದು ಸಂಜೆ ಕೇಳಿದಳು. "ಅವನ ದೋಣಿ ಎರಡನೇ ಸಲ ಮುಳುಗ್ತು ಅಂತ ಹೇಳ್ಲಾ?"

ಹಾಗಿರುವಾಗ ಒಂದು ಬುಧವಾರ ದೊಡ್ಡ ಬಿಳಿ ಹಡಗು ಬಂತು. ಮಧ್ಯಾಹ್ನದ ಹೊತ್ತಿಗೆ ಅಗಲ ಟೋಪಿಯ ಒಬ್ಬ ಹೆಂಗಸು, ಅವಳ ಕೈ ಹಿಡಿದು ಒಬ್ಬ ಪುಟ್ಟ ಹುಡುಗಿ, ಗೆರೆಯ ಹತ್ತಿರ ಬಂದರು. ತಾಯಿಯ ಮುಖ ಬಿಸಿಲಿಗೆ ಕೆಂಪಾಗಿತ್ತು. ಬೆಳಿಗ್ಗೆಯಿಂದ ಅವಳನ್ನು ಎಲ್ಲರೂ ಹುರಿದು ಮುಕ್ಕಿದ್ದರು. ಒಲ್ಲೆ ಒಲ್ಲೆ ಅಂದವಳಿಗೆ ನಾನೂ ಒಂದು ಬುರುಡೆ ಬಟ್ಟಲು ತಗುಲಿಸಿದೆ, ಸುಳ್ಳೇಕೆ ಹೇಳಲಿ. ಆದರೆ ಹುಡುಗಿ ತಾನಾಗಿಯೇ ಝೆಲಿಯ ಮುಂದೆ ನಿಂತು "ಗುಡ್ ಆಫ್ಟರ್‌ನೂನ್" ಅಂದಳು. ಹಡಗಿನ ಮಗು, ತಾನಾಗಿಯೇ! ಝೆಲಿಯ ಕೈ ತೊಡೆಯ ಕೆಳಗಿನಿಂದ ಹೊರಗೆ ಬಂತು.

ಹುಡುಗಿಯ ಹೆಸರು ಮಾರಿಟ್. ಕೂದಲು ಮೆಕ್ಕೆಜೋಳದ ತೆನೆಯ ರೇಷ್ಮೆಯಂತೆ, ಹಳದಿ, ಬೆರಳಿಗೆ ನಿಲ್ಲದು. ಝೆಲಿ ಗೊಣಗುತ್ತ ಬಾಚಿದಳು. ಬಾಚಣಿಗೆಗೆ ಬಂದ ಕೂದಲನ್ನು ಒಂದೊಂದೇ ಬಿಡಿಸಿ ತನ್ನ ಮೊಣಕಾಲ ಮೇಲೆ ಕೂಡಿಟ್ಟಳು.

"ಅದನ್ನ ಯಾಕೆ ಇಟ್ಕೊಳ್ತೀಯಾ?" ಹುಡುಗಿ ಕೇಳಿದಳು.

"ಬಿಸಾಕಿದ್ರೆ ಹಕ್ಕಿ ಎತ್ಕೊಂಡು ಹೋಗುತ್ತೆ ದೂದೂ. ಅಲ್ನೋಡು, ಕೊಂಬೆ ಮೇಲೆ, ಸಕ್ಕರೆ ಕದಿಯೋ ಹಳದಿ ಹಕ್ಕಿ, ಕಾಯ್ಕೊಂಡು ಕೂತಿದೆ. ನಿನ್ ಕೂದ್ಲಲ್ಲಿ ಅದು ಗೂಡು ಕಟ್ತು ಅಂದ್ಕೋ, ಮರಿ ಹಾರೋವರ್ಗೂ ನಿನಗೆ ತಲೆನೋವು. ನಮ್ಮ ಚಿಕ್ಕಮ್ಮಂಗೆ ಹಂಗೇ ಆಗಿದ್ದು. ಸಾಯೋವರ್ಗೂ ತಲೆಗೆ ಬಟ್ಟೆ ಬಿಗಿದು ಕಟ್ಕೊಂಡೇ ಓಡಾಡಿದ್ಲು."

"ನಿಜವಾಗ್ಲೂ?"

"ಇವಳನ್ನ ಕೇಳು ಬೇಕಾದ್ರೆ."

ನಾನು ಹೌದು ಅಂತ ತಲೆಯಾಡಿಸಿದೆ. ಆ ಚಿಕ್ಕಮ್ಮನನ್ನು ನಾನೂ ಕಂಡಿದ್ದೇನೆ.

"ಅದಕ್ಕೇ ಜಡೆ ಹಾಕಿದೋಳು ಉದುರಿದ ಕೂದ್ಲನ್ನ ಕಾಗದದಲ್ಲಿ ಕಟ್ಟಿ ತಲೆಯವರ ಕೈಗೇ ಕೊಡ್ಬೇಕು. ಬೇರೆ ಯಾರೂ ಪೊಟ್ಟಣ ಬಿಚ್ಚಬಾರ್ದು. ಬಿಚ್ಚಿದೋರ ಮೇಲೆ ಅದರ ಹೊಣೆ, ಅವರೇ ಹುಡುಕ್ಕೊಂಡು ಹೋಗಿ ಮುಟ್ಟಿಸ್ಬೇಕು."

"ನನ್ದು ನನಗೇ ಕೊಡ್ತೀಯಲ್ಲಾ?"

"ಕೊಡ್ದೆ ಏನು, ಉಪ್ಪಿನಕಾಯಿ ಹಾಕ್ಲಾ? ಕೊಟ್ಟೇ ಕೊಡ್ತೀನಿ. ಮಾತು ಅಂದ್ರೆ ಮಾತು."

ಕೊನೆಯ ಮಣಿ ಕಟ್ಟುತ್ತಿದ್ದಂತೆ ಗುಡ್ಡದ ಕಡೆಯಿಂದ ಮಳೆ ದಡದಡ ಇಳಿಯಿತು. ನಮ್ಮೂರ ಮಳೆಯೇ ಹಾಗೆ, ಕೇಳಿ ಬರುವುದಿಲ್ಲ. ನಾನು ಗೊಂಬೆಗಳ ಮೇಲೆ ಪ್ಲಾಸ್ಟಿಕ್ ಎಳೆದೆ, ತಾಯಿ ದುಡ್ಡನ್ನು ಬೆಂಚಿನ ಮೇಲಿಟ್ಟು ಮಗಳನ್ನು ಎಳೆದುಕೊಂಡು ಎದುರಿನ ಸೂರಿಗೆ ಓಡಿದಳು. ಝೆಲಿ ಕೂದಲನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ, ನೆನೆಯದಿರಲಿ ಅಂತ ಏಪ್ರನ್ ಜೇಬಿಗೆ ತುರುಕಿಕೊಂಡಳು. ಮಳೆ ಬಂದಷ್ಟೇ ಬೇಗ ನಿಂತಿತು. ಬಿಸಿಲು ಬಿತ್ತು. ಹಡಗಿನ ಜನ ಗೇಟಿನ ಕಡೆಗೆ ಸಾಲು ಹಿಡಿದರು, ಹೊರಡುವ ಹೊತ್ತಾಗಿತ್ತು.

ಝೆಲಿ ಬೆಂಚು ಒರೆಸಲು ಬಟ್ಟೆ ತೆಗೆಯೋಣ ಅಂತ ಜೇಬಿಗೆ ಕೈಹಾಕಿದಳು. ಪೊಟ್ಟಣ ಕೈಗೆ ಬಂತು. ಅವಳ ಮುಖ ನೋಡಬೇಕಿತ್ತು.

"ಟಿಟಿನ್, ಮಗೂ ಕೂದ್ಲು!"

ನಾನು ಗೇಟಿನ ಕಡೆ ನೋಡಿದೆ. ಅಗಲ ಟೋಪಿ ಸಾಲಿನ ಮಧ್ಯದಲ್ಲಿ ಕಂಡಿತು. "ಏ, ಬೇಡ ಕಣೇ! ಗೆರೆ, ಗೆರೆ!" ಅಂತ ಅವಳ ಏಪ್ರನ್ನಿನ ದಾರ ಹಿಡಿದೆ. ದಾರ ನನ್ನ ಕೈಯಲ್ಲಿ ಉಳಿಯಿತು, ಝೆಲಿ ಹೋಗಿಯಾಗಿತ್ತು.

ಅಷ್ಟು ದಪ್ಪದ ಹೆಂಗಸು ಅಷ್ಟು ಜೋರಾಗಿ ಓಡುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. "ಮೇಡಂ! ಓ ಮೇಡಂ! ಕೂದ್ಲು! ಕೂದ್ಲು!" ತಾಯಿ ತಿರುಗಿ ನೋಡಿದಳು, ಅಬ್ಬಾ ಮತ್ತೆ ಬಂದಳಲ್ಲ ಅನ್ನುವ ಮುಖ. "ಬೇಡ, ಥ್ಯಾಂಕ್ಸ್!" ಅಂದು ಮಗಳನ್ನು ಇನ್ನೂ ಬಿರುಸಾಗಿ ಎಳೆದಳು. ಇವಳು ಓಡಿದಷ್ಟೂ ಅವಳು ಓಡಿದಳು. ಝೆಲಿ ಹೋಗಿ ಅವಳ ತೋಳು ಹಿಡಿದೇಬಿಟ್ಟಳು. ಮುಗಿಯಿತು, ಬೆಂಚು ಹೋಯಿತು ಅಂದುಕೊಂಡೆ.

ತಾಯಿ ಕೈ ಕೊಡವಿಕೊಂಡು ಗೇಟಿನ ವಾಚ್‌ಮನ್ ಮರ್ವಿನ್‌ಗೆ ಕೂಗಿ ಹೇಳಿದಳು: "ಈ ಹೆಂಗಸು ನಮ್ಮನ್ನು ಬಿಡ್ತಾನೇ ಇಲ್ಲ! ನಾನು ದೂರು ಕೊಡ್ತೀನಿ!" ಹೇಳಿ ಒಳಗೆ ಹೋದಳು. ಮಗಳು ಹಿಂದೆ ಹಿಂದೆ ನೋಡುತ್ತ ಏನೋ ಹೇಳುತ್ತಿದ್ದಳು, ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ.

ನಾನು ಅಂಗಡಿಯನ್ನು ದೇವರ ಮೇಲೆ ಬಿಟ್ಟು ಗೇಟಿಗೆ ಓಡಿದೆ. ಹೋಗುವಷ್ಟರಲ್ಲಿ ಮರ್ವಿನ್ ಝೆಲಿಯ ಕೈಯಲ್ಲಿದ್ದ ಪೊಟ್ಟಣ ನೋಡಿ ಕಣ್ಣರಳಿಸಿದ್ದ. ಕಾಗದ ತಿರುಚಿ ಕಟ್ಟಿದ ಪುಟ್ಟ ಪೊಟ್ಟಣದಲ್ಲಿ ನಮ್ಮೂರ ಕೆಲವರು ಎಂಥ ಮತ್ತಿನ ಸೊಪ್ಪು ಮಾರುತ್ತಾರೆ ಅಂತ ಎಲ್ಲರಿಗೂ ಗೊತ್ತು.

"ಥೂ, ಈ ವಯಸ್ಸಲ್ಲಿ! ಅದೂ ಮಗು ಜೊತೆ ಇರೋ ಹೆಂಗಸಿಗೆ!" ಎಂದ ಮರ್ವಿನ್.

"ಬಾಯಿ ತೊಳ್ಕೋ ಹೋಗೋ!" ಅಂದಳು ಝೆಲಿ. ಏದುಸಿರು, ಮೈಯೆಲ್ಲ ಬೆವರು.

ಲಾವಿಲ್ ಬಂದ. ಗದ್ದಲ ಆದ ಕಡೆಗೆಲ್ಲ ಅವನು ಬರುತ್ತಾನೆ, ಅದು ಅವನ ಕೆಲಸ. "ಗೆರೆ ದಾಟಿದೆ. ಓಡಿದೆ. ಕೂಗಿದೆ. ಮೈ ಮುಟ್ಟಿದೆ," ಎಂದ. ಕೋಪಕ್ಕಿಂತ ಸುಸ್ತೇ ಹೆಚ್ಚಿತ್ತು ಆ ದನಿಯಲ್ಲಿ. "ಒಂದನ್ನಾದ್ರೂ ಬಿಡ್ಬಾರ್ದಾ ಝೆಲಿ? ಏನದು, ಕೊಡಿಲ್ಲಿ."

"ಬಿಚ್ಚಬೇಡಪ್ಪಾ," ಅಂದಳು ಝೆಲಿ. ಸಾಹೇಬ್ರು ಹೋಗಿ ಅಪ್ಪ ಆಗಿತ್ತು. "ನಿನ್ ಒಳ್ಳೇದಕ್ಕೇ ಹೇಳ್ತಿದೀನಿ."

ಅಧಿಕಾರಿಗೆ ಹಾಗೆ ಹೇಳಿದರೆ ಬಿಚ್ಚದೆ ಇರುತ್ತಾನೆಯೇ? ಬಿಚ್ಚಿದ.

ಒಳಗೆ ಹಳದಿ ಕೂದಲ ಪುಟ್ಟ ಸುರುಳಿ. ಆ ಕ್ಷಣಕ್ಕೆ ಕಡಲ ಕಡೆಯಿಂದ ಗಾಳಿ ಬೀಸಿತು. ಎರಡು ಮೂರು ಎಳೆ ಎದ್ದವು. ಲಾವಿಲ್ ಇನ್ನೊಂದು ಕೈಯನ್ನು ಪಟ್ಟನೆ ಅದರ ಮೇಲೆ ಮುಚ್ಚಿ, ಪೊಟ್ಟಣವನ್ನು ಎದೆಗೆ ಒತ್ತಿಕೊಂಡು, ಗಾಳಿಗೆ ಬೆನ್ನು ತಿರುಗಿಸಿ ನಿಂತ. ಯಾರೂ ಅವನಿಗೆ ಹೇಳಲಿಲ್ಲ. ಗೆಣಸು ಮಾರುತ್ತಿದ್ದ ಅಜ್ಜಿ ಚಿಕ್ಕಂದಿನಲ್ಲಿ ಅವನ ಕೈಗೆ ಕಲಿಸಿದ್ದನ್ನು ಹೊರದೇಶದ ಓದು ಬಿಡಿಸಿರಲಿಲ್ಲ.

ಮರ್ವಿನ್ ಎರಡು ಹೆಜ್ಜೆ ಹಿಂದೆ ಸರಿದ.

"ಯಾರದು?" ಲಾವಿಲ್ ಮೆತ್ತಗೆ ಕೇಳಿದ.

"ಆ ಮಗೂದು. ಕೊಡ್ತೀನಿ ಅಂತ ಮಾತು ಕೊಟ್ಟಿದ್ದೆ. ಈಗ ನೀನು ಬಿಚ್ಚಿದೆ. ಇನ್ನು ನಿನ್ದು."

"ನಾನು ಇದನ್ನೆಲ್ಲಾ ನಂಬಲ್ಲ."

"ನಂಬ್ಬೇಡ. ಅಲ್ಲೇ ನೆಲಕ್ಕೆ ಬಿಸಾಕು ಹಾಗಾದ್ರೆ."

ಲಾವಿಲ್ ನೆಲ ನೋಡಿದ. ಬಾದಾಮಿ ಮರ ನೋಡಿದ. ಕೊಂಬೆಯ ಮೇಲೆ ಆ ದರಿದ್ರ ಹಕ್ಕಿ ಇನ್ನೂ ಕೂತಿತ್ತು. ಅಷ್ಟರಲ್ಲಿ ಹಡಗು ಭೋಂ ಅಂತ ಕೂಗಿತು. ಲಾವಿಲ್ ಬಾಯಲ್ಲಿ ಏನೋ ಬೈದುಕೊಂಡು, ಪೊಟ್ಟಣ ಮುಷ್ಟಿಯಲ್ಲಿ ಹಿಡಿದು, ಗೇಟು ದಾಟಿ ಓಡಿದ. ಟೈ ಹಾರಿ ಹೆಗಲ ಮೇಲೆ ಬಿತ್ತು.

"ಮೇಡಂ! ಓ ಮೇಡಂ!" ಅಂತ ಅವನು ಕೂಗುವುದು ಕೇಳಿಸಿತು. ಸಾಲಿನ ಕೊನೆಯಲ್ಲಿದ್ದವರು ತಿರುಗಿ ನೋಡಿ ಚದುರಿದರು. ಒಬ್ಬ ಮುದುಕ ಅವನ ಮುಖ ಕೂಡ ನೋಡದೆ ಕೈಯಾಡಿಸಿ ಬೇಡ ಬೇಡ ಅಂದ.

ಇತ್ತ ದಂಡೆಯ ಮಾರಾಟಗಾರರೆಲ್ಲ ಗೆರೆಯುದ್ದಕ್ಕೂ ಜಮಾಯಿಸಿದ್ದರು. ಟ್ಯಾಕ್ಸಿಯವರು ಬಾನೆಟ್ ಹತ್ತಿದ್ದರು. ಇಂಥ ದಿನ ಇನ್ನೊಮ್ಮೆ ಸಿಗುತ್ತದೆಯೇ?

"ನಗ್ತಾ ಹೋಗಿ ಸಾಹೇಬ್ರೆ! ಹಲ್ಲು ತೋರ್ಸಿ!"

"ಮೊದ್ಲು ಗುಡ್ ಆಫ್ಟರ್‌ನೂನ್ ಹೇಳಿ!"

"ಬಿಡ್ಬೇಡಿ, ಇನ್ನೊಂದ್ಸಲ ಕೇಳಿ, ತಗೊಳ್ತಾರೆ!"

ನಾನೂ ಕೂಗಿದೆ. ಆದರೆ ಝೆಲಿ ಕೂಗಲಿಲ್ಲ. ಅವಳು ನನ್ನ ಕೈ ಹಿಡಿದುಕೊಂಡು ನಿಂತಿದ್ದಳು. ಅವಳಿಗೆ ಕೂದಲಿನ ಚಿಂತೆಯೋ ಬೆಂಚಿನ ಚಿಂತೆಯೋ ಅಂತ ನಾನು ಕೇಳಲಿಲ್ಲ. ಹಡಗಿನ ಗೋಡೆಯ ನೆರಳಿನಲ್ಲಿ ಲಾವಿಲ್ ಮರೆಯಾದ. ಕಾದೆವು. ಹಗ್ಗ ಬಿಚ್ಚುವವರು ಓಡಾಡಿದರು. ಮತ್ತೆ ಭೋಂ.

ಕೊನೆಗೆ ಅವನು ನಡೆದು ಬರುವುದು ಕಾಣಿಸಿತು. ಕೈಯಲ್ಲಿ ಏನೂ ಇರಲಿಲ್ಲ.

ಗೇಟು ದಾಟಿ, ಗೆರೆ ದಾಟಿ, ಯಾರ ಅಪ್ಪಣೆಯನ್ನೂ ಕೇಳದೆ ಬಂದು ಝೆಲಿಯ ಬೆಂಚಿನ ಮೇಲೆ ದೊಪ್ಪನೆ ಕೂತ. ಅಂಗಿ ಬೆನ್ನಿಗೆ ಅಂಟಿತ್ತು. ನಾನು ಎಳನೀರು ಕೊಟ್ಟೆ. ಅರ್ಧ ಕುಡಿದ.

"ಗುಡ್ ಆಫ್ಟರ್‌ನೂನ್ ಅಂದೆ," ಅಂದ. "ಏನಂದ್ಲು ಗೊತ್ತಾ? 'ಬೇಡ, ಥ್ಯಾಂಕ್ಸ್.' ನನ್ನ ಟೈ ಕೂಡ ನೋಡ್ಲಿಲ್ಲ! 'ಅಯ್ಯೋ, ಇನ್ನೂ ಒಬ್ಬ!' ಅಂತ ಹಡಗಿನ ಹತ್ರ ಕಾಯ್ತಿದ್ದ ಗಂಡನಿಗೆ ಹೇಳಿದ್ಲು."

"ಆಮೇಲೆ?" ಝೆಲಿ ಕೇಳಿದಳು.

"ಆ ಹುಡುಗಿ ಹಡಗು ಹತ್ತೋ ಮೆಟ್ಟಿಲ ಮೇಲೆ ಕೂತ್ಬಿಟ್ಟಿದ್ಲು. ಹತ್ತಲ್ಲ ಅಂತ ಹಟ. ನನ್ನ ನೋಡಿದ್ದೇ 'ಅದು ನನ್ದು!' ಅಂತ ಕಿರುಚಿ ಇಳಿದು ಬಂದ್ಲು. ಬಿಚ್ಚಿ ನೋಡಿದ್ಲು. 'ಎಲ್ಲಾ ಇದೆಯಾ?' ಅಂತ ಕೇಳಿದ್ಲು. ಎಲ್ಲಾ ಇದೆ ಅಂದೆ. ಆಮೇಲೆ ಅವರಮ್ಮಂಗೆ ಹಕ್ಕಿ, ಗೂಡು, ಚಿಕ್ಕಮ್ಮ, ತಲೆಬಟ್ಟೆ, ಒಂದೂ ಬಿಡ್ದೆ ವರದಿ ಒಪ್ಪಿಸಿದ್ಲು. ಅಮ್ಮನ ಮುಖ ಇನ್ನೂ ಕೆಂಪಾಯ್ತು. ನಿನಗೆ ಹೇಳೋಕೆ ಹೇಳಿದಾಳೆ ಝೆಲಿ. ದೂರು ಗೀರು ಏನಿಲ್ವಂತೆ. ತಪ್ಪು ತಿಳ್ಕೊಂಡೆ ಅಂದ್ಲು."

ನನಗೆ ಅಳು, ನಗು ಎರಡೂ ಒಟ್ಟಿಗೆ ಬಂದವು. ಝೆಲಿ ಮಾತ್ರ ನಿಟ್ಟುಸಿರು ಬಿಟ್ಟು ಸೊಂಟದ ಮೇಲೆ ಕೈಯಿಟ್ಟಳು. ಹಳೇ ಝೆಲಿ ವಾಪಸ್ಸು ಬಂದಳು ಅಂತ ನನಗೆ ಆಗಲೇ ಗೊತ್ತಾಯಿತು.

"ಹೆಂಗೂ ಬಂದು ಕೂತಿದೀಯಾ," ಅಂದಳು ಲಾವಿಲ್‌ಗೆ, ಅವನ ಬೋಳುಬಿದ್ದ ನೆತ್ತಿ ನೋಡುತ್ತ. "ಇರೋ ನಾಲ್ಕು ಕೂದ್ಲನ್ನೂ ಹೆಣೆದುಬಿಡ್ಲಾ ದೂದೂ?"

"ಬೇಡ, ಥ್ಯಾಂಕ್ಸ್," ಅಂದ ಲಾವಿಲ್.

ಇಡೀ ದಂಡೆ ನಕ್ಕಿತು. ಅವನೂ ನಕ್ಕ. ನಗುತ್ತಲೇ ಝೆಲಿ ಅವನ ಎದೆಯ ಹತ್ತಿರಕ್ಕೆ ಬಗ್ಗಿದಳು. ಅಂಗಿಯ ಗುಂಡಿಗೆ ಉದ್ದನೆಯ ಒಂದು ಹಳದಿ ಎಳೆ ಸುತ್ತಿಕೊಂಡಿತ್ತು. ಅವಳು ಅದನ್ನು ಮೆಲ್ಲಗೆ ಬಿಡಿಸಿ ಬೆಳಕಿಗೆ ಹಿಡಿದಳು. ನಗು ನಿಂತಿತು. ಎಲ್ಲರೂ ಕಡಲ ಕಡೆ ತಿರುಗಿದೆವು. ಹಡಗು ದಂಡೆ ಬಿಟ್ಟು ದೂರ ಸರಿದಿತ್ತು.

"ಎಲ್ಲಾ ಇದೆ ಅಂದ್ಬಿಟ್ಟೆನಲ್ಲ," ಅಂದ ಲಾವಿಲ್. ಮುಖ ಸಪ್ಪಗಾಯಿತು. "ತಲೆನೋವು ಬರುತ್ತಾ ಮಗೂಗೆ?"

"ಒಂದೆಳೆಗೆ ನೋವು ಬರಲ್ಲ. ತಲೆ ಕೆರ್ಕೊಳ್ತಾಳೆ, ನಮ್ಮನ್ನ ನೆನೆಸ್ಕೊಳ್ತಾಳೆ, ಅಷ್ಟೇ. ಆದ್ರೆ ಕಳೀಬಾರ್ದು. ತಲೆಯವರು ಬರೋವರ್ಗೂ ಜೋಪಾನ ಮಾಡ್ಬೇಕು." ಅವಳು ಎಳೆಯನ್ನು ಸುತ್ತಿ ತನ್ನ ಮಣಿಗಳ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿ ಮುಚ್ಚಿದಳು. "ನಿನ್ನ ಹೊಣೆ ಇದು. ತಗೋ, ನಿನ್ ಕಚೇರೀಲಿ ಇಟ್ಕೋ."

ಲಾವಿಲ್ ಡಬ್ಬಿಯನ್ನು ಮುಟ್ಟಲಿಲ್ಲ. ಬೆಂಚಿನ ನೀಲಿ ಬಣ್ಣದ ಮೇಲೆ ಅಂಗೈ ಊರಿಕೊಂಡು ಎದ್ದು ನಿಂತ. ಟೈ ಸರಿ ಮಾಡಿಕೊಂಡ.

"ನನ್ ಕಚೇರೀಲಿ ಫ್ಯಾನ್ ಗಾಳಿ ಜಾಸ್ತಿ," ಅಂದ. "ಇಲ್ಲೇ ಇರ್ಲಿ. ಅವ್ರು ಬಂದಾಗ ನೀನು ಇದೇ ಜಾಗದಲ್ಲಿ, ಇದೇ ಬೆಂಚಲ್ಲಿ ಕೂತಿರ್ಬೇಕು. ಇಲ್ದಿದ್ರೆ ಆ ಹುಡುಗಿ ನನ್ನ ಬಿಡಲ್ಲ."

ಝೆಲಿ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡಳು, ಬಟ್ಟೆ ತೆಗೆದಳು, ಮಳೆನೀರು ಇನ್ನೂ ಆರದಿದ್ದ ಗಂಡನ ದೋಣಿಯನ್ನು ಈ ತುದಿಯಿಂದ ಆ ತುದಿಯವರೆಗೆ ಒರೆಸಿದಳು.